ಲುಬ್ಬರ್ಟನ ಆರು ವಾರದ ಮೊಣಕಾಲು

ಮನುಷ್ಯನಿಗೆ ಕೇಡು ಬರುವುದು ಬಾಯಿಂದ ಎಂದು ಹಿರಿಯರು ಹೇಳುತ್ತಾರೆ. ಲುಬ್ಬರ್ಟನಿಗೆ ಅದು ಬಂದದ್ದು ಮೀನಖಂಡದಿಂದ. ಬಾಯಿ ಆಗ ಹಲ್ಲಿನ ಡಾಕ್ಟರರ ವಶದಲ್ಲಿತ್ತು.

ಓಲ್ಡರ್‌ವೇನ್ ಊರಿನ ಕಾಲುವೆಯ ಮೇಲಿದ್ದ ಎತ್ತುವ ಸೇತುವೆಯನ್ನು ಮೂವತ್ತಾರು ವರ್ಷ ಎತ್ತಿ ಇಳಿಸಿದವನು ಲುಬ್ಬರ್ಟ್. ಕೊನೆಗೆ ಆ ಕೆಲಸಕ್ಕೆ ಒಬ್ಬ ಮನುಷ್ಯ ಬೇಡ, ಪಟ್ಟಣದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು ಎಂದು ಮೇಲಿನವರಿಗೆ ಹೊಳೆಯಿತು; ಲುಬ್ಬರ್ಟ್ ಮನೆಗೆ ಬಂದ. ಜುಲೈ ಕೊನೆಯ ವಾರ ಒಂದು ದವಡೆ ಹಲ್ಲು ಕೈಕೊಟ್ಟಿತು. ಡಾಕ್ಟರ್ ರೋಡರಿಕ್ ಅವರ ಕುರ್ಚಿಯಲ್ಲಿ ತಲೆ ಕೆಳಗೆ, ಕಾಲು ಮೇಲೆ ಮಾಡಿ ಮಲಗಿದ್ದಾಗ ಪ್ಯಾಂಟು ಮೊಣಕಾಲಿನವರೆಗೆ ಜಾರಿತು.

"ಅಬ್ಬಬ್ಬ! ಇದೇನ್ರೀ ಕಾಲು!" ಅಂದರು ಡಾಕ್ಟರು, ಕೈಯಲ್ಲಿದ್ದ ಇಕ್ಕಳ ಹಾಗೇ ಹಿಡಿದು. "ವಯಸ್ಸು ಅರವತ್ನಾಲ್ಕು ಅಂತ ಬರೆದಿದೆ. ಈ ಮೀನಖಂಡಕ್ಕೆ ನಲವತ್ತರ ಮೇಲೆ ಒಂದು ದಿನ ಆಗಿಲ್ಲ, ಬರೆದುಕೊಡ್ತೀನಿ ಬೇಕಾದ್ರೆ!"

ಇದು ಎಂಥ ಅಪಾಯದ ಮಾತು ಎಂಬುದು ಓಲ್ಡರ್‌ವೇನ್ ಇರುವ ಡ್ರೆಂಥೆ ಸೀಮೆಯವರಿಗೆ ಮಾತ್ರ ಗೊತ್ತು. ಆ ಸೀಮೆಯಲ್ಲಿ ಹೊಗಳಿಕೆಯನ್ನು ಬೆಣ್ಣೆಯ ಹಾಗೆ ತೆಳ್ಳಗೆ ಸವರುತ್ತಾರೆ. ಊಟ ಅಮೃತದಂತಿದ್ದರೆ "ಇದಕ್ಕಿಂತ ಕೆಟ್ಟದಾಗಿರಬಹುದಿತ್ತು" ಎನ್ನುತ್ತಾರೆ. ಅದೇ ಅತಿ ದೊಡ್ಡ ಪದವಿ. ಮದುವೆಯ ದಿನ ಹೊಸ ಸೂಟು ಹಾಕಿಕೊಂಡು ನಿಂತ ಲುಬ್ಬರ್ಟನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೆಂಡತಿ ಫೆನ್ನಾ ಅಂದದ್ದೂ ಅದೇ ಮಾತು. ಆಮೇಲೆ ಮೂವತ್ತೆಂಟು ವರ್ಷ ಅವಳು ಅದಕ್ಕೆ ಒಂದಕ್ಷರ ಸೇರಿಸಿರಲಿಲ್ಲ. ಹೀಗಿರುವಾಗ ಹಲ್ಲಿಗೆಂದು ಹೋದವನಿಗೆ ಕಾಲಿನ ಬಗ್ಗೆ ಇಷ್ಟು ದೊಡ್ಡ ಮಾತು ಸಿಕ್ಕರೆ ತಲೆ ನಿಲ್ಲುವುದೆಲ್ಲಿ?

"ನಾವೊಂದು ಆರು ಜನ ಭಾನುವಾರ ಜಲ್ಲಿ ದಾರೀಲಿ ಸೈಕಲ್ ಹೊಡೀತೀವಿ," ಡಾಕ್ಟರು ಮುಂದುವರಿಸಿದರು. "ಹೈಡೆ ಬಯಲು, ಕರಿಜೌಗು, ಆಮೇಲೆ ಕಾಡು. ನಲವತ್ತೈದು ಕಿಲೋಮೀಟರ್. ಒಂದು ಕಾರು ಅಡ್ಡ ಬರಲ್ಲ, ಒಂದು ನರಪಿಳ್ಳೆ ಕಾಣಲ್ಲ. ಆಗಸ್ಟ್ ಶುರುವಿನಿಂದ ಆರು ಭಾನುವಾರದ ಸುತ್ತು ಇಟ್ಕೊಂಡಿದ್ದೀವಿ. ನಿಮ್ಮಂಥ ಕಾಲು ನಮ್ಮ ಗುಂಪಲ್ಲಿಲ್ಲ. ಬನ್ನಿ!"

ಲುಬ್ಬರ್ಟ್ ತಲೆಯಾಡಿಸಿದ. ಹಲ್ಲು ಕಿತ್ತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ತೊಡಕಿದ್ದದ್ದು ಭಾನುವಾರದಲ್ಲಿ. ಲುಬ್ಬರ್ಟನ ಭಾನುವಾರ ಅವನದಲ್ಲ, ಯಾಂಟಿನಸ್‌ನದು. ಬೇಲಿಯಾಚೆ ಮನೆಯ ಯಾಂಟಿನಸ್, ಊರಿನ ಅರ್ಧ ಬಾಗಿಲುಗಳಿಗೆ ಬಣ್ಣ ಬಳಿದ ಕೈ. ಮೂವತ್ತೊಂದು ವರ್ಷದಿಂದ ಪ್ರತಿ ಭಾನುವಾರ ಒಂಬತ್ತು ಗಂಟೆಗೆ ಇಬ್ಬರೂ ತಮ್ಮ ತಮ್ಮ ಹಳೆಯ ಎತ್ತರದ ಸೈಕಲ್ ಏರಿ, ಬೆನ್ನು ನೆಟ್ಟಗಿಟ್ಟುಕೊಂಡು, ಹೈಡೆ ಬಯಲಿನ ತುದಿಯ ಕಾಫಿ ಅಂಗಡಿಗೆ ಹೋಗಿ ಬರುತ್ತಿದ್ದರು. ಹೋಗುವಾಗ ಮೂರು ಮಾತು, ಬರುವಾಗ ನಾಲ್ಕು. ಆಗಸ್ಟ್ ನಡುವಿನಿಂದ ಮೂರು ನಾಲ್ಕು ವಾರ ಆ ಬಯಲಿನ ಕುರುಚಲು ಗಿಡವೆಲ್ಲ ಹೂಬಿಟ್ಟು ಕಣ್ಣು ಹರಿದಷ್ಟು ದೂರ ನೇರಳೆಯಾಗುತ್ತದೆ. ಆಗ ಮಾತ್ರ ಇಬ್ಬರೂ ಸೈಕಲಿನಿಂದ ಇಳಿದು ಸುಮ್ಮನೆ ನಿಲ್ಲುತ್ತಿದ್ದರು.

ಈ ವರ್ಷ ವಸಂತದಲ್ಲಿ ಕಣ್ಣಿನ ಡಾಕ್ಟರು ಯಾಂಟಿನಸ್‌ಗೆ ಹೇಳಿದ್ದರು: ನೋಟದ ನಡುಭಾಗ ಹೋಗುತ್ತಿದೆ, ಔಷಧಿ ಇಲ್ಲ, ಮುಂದಿನ ವರ್ಷದ ಬೇಸಿಗೆಗೆ ಬಣ್ಣಗಳು ಬೇರೆ ಬೇರೆಯಾಗಿ ತಿಳಿಯಲಾರವು. ಯಾಂಟಿನಸ್ ಅದನ್ನು ಬೇಲಿಯ ಮೇಲಿಂದ ಲುಬ್ಬರ್ಟನಿಗೆ ಹೇಳಿದ ರೀತಿ, ಆಲೂಗೆಡ್ಡೆಗೆ ಹುಳ ಬಿದ್ದಿದೆ ಎಂಬ ಹಾಗೆ. ಕೊನೆಗೊಂದು ಮಾತು ಸೇರಿಸಿದ್ದ: "ಈ ಸಲ ಹೈಡೆ ಸರಿಯಾಗಿ ನೋಡ್ಬಿಡೋಣ ಕಣೋ."

ಲುಬ್ಬರ್ಟ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಅನಾಹುತ ಮಾಡುವ ಶಕ್ತಿ ಅವನಿಗೆ ಎಲ್ಲಿಂದ ಬರಬೇಕು? ಅವನ ಲೆಕ್ಕ ಸರಳವಾಗಿತ್ತು. ಆಗಸ್ಟ್ ಮೊದಲ ಭಾನುವಾರ ಹೂವು ಇನ್ನೂ ಬಿಟ್ಟಿರುವುದಿಲ್ಲ. ಅದೊಂದೇ ಒಂದು ದಿನ ಡಾಕ್ಟರ ಗುಂಪಿನ ಜೊತೆ ಹೋಗಿ, ಕಾಲು ತೋರಿಸಿ, ಬಂದುಬಿಡುವುದು. ಹೀಗೆಂದುಕೊಂಡು ಬಾಗಿದ ಹಿಡಿಯ, ದಪ್ಪ ಟಯರಿನ ಜಲ್ಲಿ ಸೈಕಲೊಂದನ್ನು ತಂದು ಶೆಡ್ಡಿನಲ್ಲಿ ಹಳೇ ಕಂಬಳಿಯಡಿ ಅಡಗಿಸಿದ. ಮೈಗಂಟುವ ಕಪ್ಪು ದಿರಿಸೂ ಬಂತು. ಅದನ್ನು ಹಾಕಿಕೊಂಡು ನಿಂತಾಗ ಫೆನ್ನಾ ಬಹಳ ಹೊತ್ತು ನೋಡಿದಳು. "ಇದಕ್ಕಿಂತ ಕೆಟ್ಟದಾಗಿರೋಕೆ ಸಾಧ್ಯವಿಲ್ಲ," ಅಂದಳು.

ಶನಿವಾರ ಸಂಜೆ ಬೇಲಿಯ ಹತ್ತಿರ ಯಾಂಟಿನಸ್ ಕೇಳಿದ, "ನಾಳೆ ಒಂಬತ್ತಕ್ಕೆ?"

"ಆಗಲ್ಲ ಕಣೋ. ಮೊಣಕಾಲು."

"ಏನಾಯ್ತು ಮೊಣಕಾಲಿಗೆ?"

ಲುಬ್ಬರ್ಟ್ ಅಷ್ಟು ದೂರ ಯೋಚಿಸಿರಲಿಲ್ಲ. "ಒಳಗಡೆ," ಅಂದ.

"ಡಾಕ್ಟರು ನೋಡಿದ್ರಾ?"

"ನೋಡಿದ್ರು." ಇದು ನಿಜ. ಹಲ್ಲಿನ ಡಾಕ್ಟರು ಚೆನ್ನಾಗಿಯೇ ನೋಡಿದ್ದರು.

"ಎಷ್ಟು ದಿನ ಅಂದ್ರು?"

ಡಾಕ್ಟರು ಹೇಳಿದ ಒಂದೇ ಒಂದು ಅಂಕಿ ಅವನ ತಲೆಯಲ್ಲಿತ್ತು. ಅದು ತಾನಾಗಿಯೇ ಹೊರಗೆ ಬಂತು. "ಆರು ವಾರ."

ಯಾಂಟಿನಸ್ ಬೇಲಿಯ ಎಲೆಯೊಂದನ್ನು ಕಿತ್ತು ಬೆರಳಲ್ಲಿ ತಿರುವಿದ. ಆರು ವಾರ ಅಂದರೆ ಹೂವೆಲ್ಲ ಮುಗಿದು ಬೀಜ ಕಟ್ಟುವ ಹೊತ್ತು. ಲುಬ್ಬರ್ಟನಿಗೂ ಆಗಲೇ ಹೊಳೆಯಿತು. ತಿದ್ದಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಯಾಂಟಿನಸ್ ಅವನ ಭುಜ ತಟ್ಟಿ, "ಮೊದಲು ನಿನ್ನ ಕಾಲು ನೋಡ್ಕೋ ಮಾರಾಯ," ಅಂದು ಒಳಗೆ ಹೋಗಿಬಿಟ್ಟ.

"ನೀನು ಹೋಗಿ ನೋಡ್ಕೊಂಡು ಬಾರೋ!" ಎಂದು ಲುಬ್ಬರ್ಟ್ ಕೂಗಿದ.

ಬಾಗಿಲಿನಿಂದ ಉತ್ತರ ಬಂತು: "ನೀನು ಮಲಗಿರೋವಾಗ ನಾನೊಬ್ನೇ ಹೋಗಿ ನೋಡೋದಾ? ಕದ್ದು ತಿಂದ ಹಾಗಾಗುತ್ತೆ."

ಓಲ್ಡರ್‌ವೇನ್‌ನಲ್ಲಿ ಒಂದು ಮನೆಯಲ್ಲಿ ಕಾಯಿಲೆ ಎಂದರೆ ಅದು ಆ ಮನೆಯವರ ಸ್ವಂತ ವಿಷಯವಲ್ಲ. ಜೌಗುಮಣ್ಣು ಕಡಿದು ಒಣಗಿಸಿ ಒಲೆಗೆ ಹಾಕುತ್ತಿದ್ದ ಅಜ್ಜಂದಿರ ಕಾಲದಿಂದ ಬಂದ ನೆರೆಯ ಧರ್ಮವದು. ಬಲಗಡೆಯ ಮೊದಲ ಮನೆಯವನು ಮೊದಲ ನೆರೆಯವ. ಹುಟ್ಟು, ಕಾಯಿಲೆ, ಸಾವು, ಮೂರಕ್ಕೂ ಅವನೇ ಹೊಣೆ. ಲುಬ್ಬರ್ಟನ ಮೊದಲ ನೆರೆಯವ ಯಾಂಟಿನಸ್. ಅವನು ಆ ರಾತ್ರಿ ಊಟಕ್ಕೆ ಮುಂಚೆ ಹನ್ನೊಂದು ಮನೆಗಳ ಗಂಟೆ ಬಾರಿಸಿ ಸುದ್ದಿ ಮುಟ್ಟಿಸಿದ.

ಭಾನುವಾರ ಬೆಳಗ್ಗೆ ಎಂಟಕ್ಕೆ ಮೊದಲ ಪಾತ್ರೆ ಬಂತು. ಎದುರುಮನೆಯ ಗೇಸೀನ್, ಮಾಂಸದ ಉಂಡೆಯ ಸಾರು. "ಏಳ್ಬೇಡಿ, ಏಳ್ಬೇಡಿ! ಮೊಣಕಾಲು ಅಂದ್ರೆ ಸುಮ್ನೆ ಅಲ್ಲ. ನಮ್ಮ ಮಾವಂಗೂ ಮೊಣಕಾಲಿಂದಾನೇ ಶುರುವಾಗಿದ್ದು."

"ಏನು ಶುರುವಾಗಿದ್ದು?" ಅಂದ ಲುಬ್ಬರ್ಟ್.

"ಅವರು ಹೋಗಿ ಹನ್ನೆರಡು ವರ್ಷ ಆಯ್ತು," ಅಂದಳು ಗೇಸೀನ್, ಸಾರಿನ ಮುಚ್ಚಳ ತೆಗೆಯುತ್ತಾ.

ಒಂಬತ್ತೂವರೆಗೆ ಕಾಡಿನಂಚಿನಲ್ಲಿ ಡಾಕ್ಟರ ಗುಂಪು ಕಾಯುತ್ತಿತ್ತು. ಲುಬ್ಬರ್ಟ್ ಇನ್ನೊಂದು ಸುಳ್ಳನ್ನು ಸಾಲ ಪಡೆಯಲೇಬೇಕಾಯಿತು: ಭಾನುವಾರ ಒಂಬತ್ತರಿಂದ ಒಂದರವರೆಗೆ ಕಿಟಕಿ ಮುಚ್ಚಿ, ಕತ್ತಲಲ್ಲಿ, ಒಂದು ಸದ್ದೂ ಇಲ್ಲದೆ ಮಲಗಬೇಕೆಂದು ಡಾಕ್ಟರ ಅಪ್ಪಣೆ. ಯಾಂಟಿನಸ್ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಕುರ್ಚಿಯೊಂದನ್ನು ತಂದು ಲುಬ್ಬರ್ಟನ ಮುಂಬಾಗಿಲ ಮುಂದೆ ಹಾಕಿ ಕೂತ. ಬಂದವರಿಗೆಲ್ಲ ಬಾಯಿಗೆ ಬೆರಳಿಟ್ಟು "ಷ್... ಮಲಗಿದ್ದಾನೆ" ಅಂದ. ಪಾರಿವಾಳಗಳಿಗೂ ಅಂದ. ಮುಂಬಾಗಿಲನ್ನು ಒಬ್ಬ ಸ್ನೇಹಿತ ಹೀಗೆ ಕಾಯುತ್ತಿರುವಾಗ, ಇನ್ನೊಬ್ಬ ಸ್ನೇಹಿತ ಹಿಂಬಾಗಿಲಿನಿಂದ ಸೈಕಲ್ ಹೆಗಲಿಗೆ ಹಾಕಿಕೊಂಡು, ಬೀನ್ಸ್ ಚಪ್ಪರದ ಮರೆಯಲ್ಲಿ ಬಗ್ಗಿಕೊಂಡು ಹೋದ.

ಫೆನ್ನಾ ಚರ್ಚಿಗೆ ಹೊರಡುವಾಗ ಹೇಳಿದ್ದಿಷ್ಟೇ: "ನಾನು ಸುಳ್ಳು ಹೇಳಲ್ಲ. ಯಾರಾದ್ರೂ ಕೇಳಿದ್ರೆ ಬಾಯಿ ಮುಚ್ಕೊಂಡಿರ್ತೀನಿ. ಅಷ್ಟೇ ನನ್ನ ಕೈಲಾಗೋದು." ಚರ್ಚಿನಲ್ಲಿ ಎಲ್ಲರೂ ಕೇಳಿದರು. ಅವಳು ಬಾಯಿ ಮುಚ್ಚಿಕೊಂಡಿದ್ದಳು. "ಪಾಪ, ದುಃಖ ಗಂಟಲಿಗೆ ಬಂದಿದೆ," ಎಂದರು ಜನ.

ಜಲ್ಲಿ ದಾರಿಯೇನೋ ಡಾಕ್ಟರು ಹೇಳಿದ ಹಾಗೇ ಇತ್ತು. ಕಾರಿಲ್ಲ, ಜನವಿಲ್ಲ, ಜೌಗಿನ ಕರಿನೀರಲ್ಲಿ ಮೋಡ, ಬರ್ಚ್ ಮರಗಳ ಬಿಳಿ ಕಾಂಡ. ಒಬ್ಬರೂ ನೋಡುವುದಿಲ್ಲ ಎಂಬುದೇ ಲುಬ್ಬರ್ಟನಿಗೆ ಆ ದಾರಿಯ ದೊಡ್ಡ ಗುಣವಾಗಿ ಕಂಡಿತು. ಆದರೆ ಡಾಕ್ಟರ ವೇಗಕ್ಕೆ ತಲೆಯೆತ್ತುವ ಪುರುಸೊತ್ತಿರಲಿಲ್ಲ. ನಲವತ್ತೈದು ಕಿಲೋಮೀಟರು ಅವನು ನೋಡಿದ್ದು ಮುಂದಿನವನ ಹಿಂದಿನ ಚಕ್ರ. ಆದರೂ ಕೊನೆಯಲ್ಲಿ ಡಾಕ್ಟರು, "ನೋಡಿದ್ರಾ, ಕಾಲು!" ಎಂದು ಎಲ್ಲರೆದುರು ಹೇಳಿದಾಗ ಅವನ ಎದೆ ಸೇತುವೆಯ ಹಾಗೆ ಎದ್ದು ನಿಂತಿತು.

ಮುಂದಿನ ವಾರವೇ ಗುಣವಾಗಿಬಿಡಬೇಕೆಂದು ಅವನು ತೀರ್ಮಾನಿಸಿದ್ದ. ಆದರೆ ಆರು ವಾರದ ಕಾಯಿಲೆಯನ್ನು ಒಂದು ವಾರದಲ್ಲಿ ಮುಗಿಸಲು ನೆರೆಹೊರೆ ಬಿಡಬೇಕಲ್ಲ! ಸೋಮವಾರ ಬೇಲಿ ಕತ್ತರಿಸಿದರು. ಮಂಗಳವಾರ ಕಿಟಕಿ ತೊಳೆದರು. ಬುಧವಾರ ಗೇಸೀನಳು ಮಾವನ ಚಕ್ರದ ಊರುಗೋಲನ್ನು ಅಟ್ಟದಿಂದ ಇಳಿಸಿ ತಂದಳು. ಗುರುವಾರ ಪುರಸಭೆಯಿಂದ ಶ್ರೀಮತಿ ವೀಟಿಂಗ್ ಬಂದರು. ಆ ಸೀಮೆಯಲ್ಲಿ ಅಶಕ್ತರಿಗೆ ಏನು ಬೇಕೆಂದು ಅವರ ಅಡುಗೆಮನೆಯ ಮೇಜಿನ ಮುಂದೆಯೇ ಕೂತು ವಿಚಾರಿಸುವುದು ಪುರಸಭೆಯ ಪದ್ಧತಿ. ಕಾಫಿ ಬಂತು, ಒಂದು ಬಿಸ್ಕತ್ತು ಬಂತು, ಡಬ್ಬಿಯ ಮುಚ್ಚಳ ಮುಚ್ಚಿತು.

"ಸಾಕ್ಸು ನೀವೇ ಹಾಕ್ಕೊಳ್ತೀರಾ?" ಕೇಳಿದರು ವೀಟಿಂಗ್, ಹಾಳೆ ಬಿಡಿಸಿ.

"ಹಾಕ್ಕೊಳ್ದೆ ಮತ್ತೆ?" ಅಂದ ಲುಬ್ಬರ್ಟ್. ಮೂಲೆಯಲ್ಲಿ ಕೂತಿದ್ದ ಯಾಂಟಿನಸ್ ಗಾಬರಿಯಿಂದ ತಲೆಯೆತ್ತಿದ. "ಅಂದ್ರೆ... ಬೆಳಗ್ಗೆ ಶುರು ಮಾಡಿದ್ರೆ ಮಧ್ಯಾಹ್ನಕ್ಕೆ," ಎಂದು ಲುಬ್ಬರ್ಟ್ ತಿದ್ದಿದ.

ಆಕೆ ಬರೆದುಕೊಂಡರು. "ಮೆಟ್ಟಿಲು?"

"ಮೇಡಂ," ಯಾಂಟಿನಸ್ ನಡುವೆ ಬಂದ, "ಇವನು ಹೇಳ್ಕೊಳ್ಳಲ್ಲ. ಸ್ವಾಭಿಮಾನಿ. ನೀವು ಸ್ವಲ್ಪ ಜಾಸ್ತೀನೇ ಬರ್ಕೊಳ್ಳಿ."

ಆಕೆ ಜಾಸ್ತಿಯೇ ಬರೆದುಕೊಂಡರು. ಹದಿನೈದು ದಿನದಲ್ಲಿ ಬಚ್ಚಲಲ್ಲಿ ಹಿಡಿಕೆ, ಹೊಸಿಲಿಗೆ ಇಳಿಜಾರು ಹಲಗೆ, ಮಂಚಕ್ಕೊಂದು ಗಂಟೆ ಬಂದವು.

ಇನ್ನು ದೇಹದ ಕಥೆ. ಎರಡು, ಮೂರು ಭಾನುವಾರ ಕಳೆಯುವಷ್ಟರಲ್ಲಿ ಲುಬ್ಬರ್ಟನ ಹೊಟ್ಟೆ ಕರಗಿತು, ಕೆನ್ನೆ ಒಳಗೆ ಹೋಯಿತು, ಮೀನಖಂಡ ಕಲ್ಲಿನ ಹಾಗೆ ಉಬ್ಬಿತು. ಬಿಸಿಲಿಗೆ ಮುಖ ಕೆಂಪಾಗಿ, ಸೈಕಲ್ ಹೊಡೆಯುವಾಗ ಕಪ್ಪು ಕನ್ನಡಕ ಹಾಕುತ್ತಿದ್ದ ಕಡೆ ಕಣ್ಣ ಸುತ್ತ ಎರಡು ಬಿಳಿ ಬಳೆ ಉಳಿದವು. ಯಾವ ವೈದ್ಯನಾದರೂ ಇವನಿಗೆ ನೂರು ವರ್ಷ ಆಯುಸ್ಸು ಎನ್ನುತ್ತಿದ್ದ. ಗೇಸೀನ್ ವೈದ್ಯೆಯಲ್ಲ.

"ಹತ್ತು ಕೆ.ಜಿ. ಇಳಿದಿದ್ದಾನೆ," ಎಂದು ಅವಳು ಅಂಗಳದಲ್ಲಿ ಪಿಸುಗುಟ್ಟಿದಳು. "ಕಾಲಲ್ಲಿ ನೀರು ತುಂಬ್ಕೊಂಡಿದೆ, ಮುಟ್ಟಿ ನೋಡ್ದೆ, ಗಟ್ಟಿ! ಮುಖಕ್ಕೆ ಜ್ವರ ಏರಿದೆ. ಕಣ್ಣ ಸುತ್ತ ರಕ್ತವೇ ಇಲ್ಲ."

ಮೂರನೆಯ ವಾರ ಲುಬ್ಬರ್ಟ್ ಧೈರ್ಯ ಮಾಡಿದ. ಹೊರಗೆ ಹೂವು ತುಂಬಿ ನಿಂತಿದೆ. ಇನ್ನು ತಡಮಾಡುವುದು ಪಾಪ. ಗೇಸೀನ್ ಸಾರು ತಂದಾಗ ಎದ್ದು ನಿಂತು, "ನೋಡು, ಈವತ್ತು ಪೂರ್ತಿ ಹುಷಾರಾಗಿದ್ದೀನಿ. ಕುಣೀಬೇಕು ಅನ್ನಿಸ್ತಿದೆ," ಎಂದು ಒಂದು ಕಾಲು ಎತ್ತಿಯೂ ತೋರಿಸಿದ.

ಗೇಸೀನ್ ಪಾತ್ರೆ ಇಟ್ಟು ಹೊರಗೋಡಿ, ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿಗೆ ಮುಖ ಒತ್ತಿಕೊಂಡಳು. "ಯಾಂಟಿನಸ್, ನಮ್ಮ ಮಾವನೂ ಹೀಗೇ ಅಂದಿದ್ರು. ದೀಪ ಆರೋ ಮುಂಚೆ ಒಂದ್ಸಲ ಧಗ್ ಅಂತ ಉರಿಯುತ್ತಲ್ಲ, ಹಾಗೆ. ನಾಲ್ಕೇ ದಿನ."

ಅಂದಿನಿಂದ ಸಾರು ದಿನಕ್ಕೆರಡು ಪಾತ್ರೆಯಾಯಿತು. ಲುಬ್ಬರ್ಟ್ ಹುಷಾರಿದ್ದೇನೆ ಎಂದಷ್ಟೂ ಜನ ಹತ್ತಿರ ಬಂದು ಕೈ ಹಿಡಿದುಕೊಂಡರು.

ಸಂಜೆಗಳಲ್ಲಿ ಯಾಂಟಿನಸ್ ಬಂದು ಮಂಚದ ಪಕ್ಕ ಕೂರುತ್ತಿದ್ದ. ಮೊದಲೆಲ್ಲ ಇಸ್ಪೀಟು ತರುತ್ತಿದ್ದ. ಈಚೆಗೆ ಕೆಂಪು ಎಲೆ ಯಾವುದು, ಕಪ್ಪು ಯಾವುದು ಎಂದು ದೀಪಕ್ಕೆ ಹಿಡಿದು ನೋಡಬೇಕಾಗುತ್ತಿತ್ತು, ಬಿಟ್ಟುಬಿಟ್ಟ. ಒಂದು ಸಂಜೆ ಕೇಳಿದ:

"ಹೈಡೆ ಈಗ ಪೂರ್ತಿ ಹೂಬಿಟ್ಟಿರಬೇಕು, ಅಲ್ವೇನೋ?"

ಆ ಬೆಳಗ್ಗೆಯಷ್ಟೇ ಅದರ ನಡುವೆ ಹದಿನೈದು ಕಿಲೋಮೀಟರು ಹಾರಿ ಬಂದಿದ್ದ ಲುಬ್ಬರ್ಟ್ ಗೋಡೆ ಕಡೆ ತಿರುಗಿದ. "ನಂಗೇನು ಗೊತ್ತು? ನಾನು ಮಲಗಿದ್ದೀನಲ್ಲ."

ಹಾಗಂದ ಮೇಲೆ ನೆನಪು ಮಾಡಿಕೊಳ್ಳಲು ನೋಡಿದ. ಬಿಟ್ಟಿತ್ತೆ? ನೇರಳೆ ಏನೋ ಎರಡೂ ಬದಿಗೆ ಹರಿದ ಹಾಗಿತ್ತು. ಅವನಿಗೆ ನೆನಪಿದ್ದದ್ದು ಡಾಕ್ಟರರ ಹಿಂದಿನ ಚಕ್ರದ ಕೆಸರು. ಇದ್ದ ಕಣ್ಣೂ ನೋಡಲಿಲ್ಲ, ಹೋಗುವ ಕಣ್ಣೂ ನೋಡಲಿಲ್ಲ. ಆ ರಾತ್ರಿ ಅವನು ಮಂಚದ ಗಂಟೆಯನ್ನು ಎರಡು ಸಲ ಮುಟ್ಟಿ, ಬಾರಿಸದೆ ಬಿಟ್ಟ.

ಐದನೆಯ ಭಾನುವಾರ. ಸೆಪ್ಟೆಂಬರ್ ಶುರುವಾಗಿತ್ತು. ಲುಬ್ಬರ್ಟನಿಗೆ ಗೊತ್ತಿಲ್ಲದೆ ಹನ್ನೊಂದು ಮನೆಯವರೂ ಸೇರಿ ಒಂದು ತೀರ್ಮಾನ ಮಾಡಿದ್ದರು. ಹೋಗುವ ಜೀವಕ್ಕೆ ಹೈಡೆಯನ್ನು ಕೊನೆಯ ಸಲ ತೋರಿಸಬೇಕು. ಇನ್ನೊಂದು ವಾರವಾದರೆ ಹೂವಿಲ್ಲ. ವೃದ್ಧಾಶ್ರಮದಿಂದ ಜೋಡಿ ಸೈಕಲ್ ಬಂತು. ಮೂರು ಚಕ್ರ, ಇಬ್ಬರು ಪಕ್ಕಪಕ್ಕ ಕೂರುವಂಥದು. ಕಣ್ಣು ಕಾಣುವ ರೋಗಿ ಹಿಡಿ ಹಿಡಿಯಬೇಕು, ಕಾಲಿರುವ ಯಾಂಟಿನಸ್ ತುಳಿಯಬೇಕು. ಯೋಚನೆ ಯಾಂಟಿನಸ್‌ನದೇ. "ಇಬ್ಬರೂ ಸೇರಿದ್ರೆ ಒಬ್ಬ ಆಗ್ತೀವಿ," ಅಂದಿದ್ದನಂತೆ.

ಹತ್ತು ಗಂಟೆಗೆ ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ಮಲಗುವ ಕೋಣೆಗೆ ಬಂದರು. ಗೇಸೀನ್ ಹೊದಿಕೆ ಸರಿಸಿದಳು. ಎರಡು ದಿಂಬು, ಒಂದು ಎಲೆಕೋಸು.

"ಅಯ್ಯೋ, ಎದ್ದು ಹೋಗಿಬಿಟ್ಟಿದ್ದಾನೆ!"

"ಕಾಲೇ ಇಲ್ಲದವನು ಎಲ್ಲಿಗೆ ಹೋಗ್ತಾನೆ?"

"ಜ್ವರದಲ್ಲಿ ಮನುಷ್ಯನಿಗೆ ಕಾಲು ಬೇಕಿಲ್ಲ. ಎಲೆಕೋಸಿಗೆ ಹೊದಿಸಿ ಹೋಗಿದ್ದಾನೆ ಅಂದ್ರೆ ಜ್ವರ ತಲೆಗೇರಿದೆ. ಹೈಡೆ ಹೈಡೆ ಅಂತ ಕನವರಿಸ್ತಾ ಹೋಗಿರ್ತಾನೆ. ಜೌಗಿಗೆ ಬಿದ್ದರೆ ಗತಿ?"

ಚರ್ಚಿನಿಂದ ಬಂದ ಫೆನ್ನಾಳನ್ನು ಕೇಳಿದರು. ಅವಳು ಎಂದಿನಂತೆ ಬಾಯಿ ಮುಚ್ಚಿಕೊಂಡಳು. ಈ ಸಲ ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದು ಯಾತಕ್ಕೆ ಎಂಬುದನ್ನು ಯಾರೂ ಕೇಳಲಿಲ್ಲ. ಹನ್ನೊಂದು ಮನೆಯ ಇಪ್ಪತ್ತು ಜನ, ಕಾಡಿನ ಕಾವಲುಗಾರ, ಎರಡು ಏಣಿ, ಒಂದು ಹಗ್ಗ, ಎಲ್ಲವೂ ಬಯಲಿಗೆ ಹೊರಟಿತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಜೋಡಿ ಸೈಕಲನ್ನು ತಳ್ಳಿಕೊಂಡು ಬಂದ ಯಾಂಟಿನಸ್‌ನನ್ನು ಜೌಗಿನ ಜಲ್ಲಿ ದಾರಿ ಕವಲೊಡೆಯುವ ಕಡೆ ನಿಲ್ಲಿಸಿದರು. "ನಿನಗೆ ಕಾಣಲ್ಲ, ಇಲ್ಲೇ ನಿಂತು ಕೂಗು," ಅಂದರು.

ಅವನು ಕೂಗುತ್ತಿದ್ದ. "ಲುಬ್ಬರ್ಟ್! ಲುಬ್ಬರ್ಟೋ!"

ಆ ಹೊತ್ತಿಗೆ ಡಾಕ್ಟರ ಗುಂಪು ಕಾಡಿನಿಂದ ಹೊರಬಿತ್ತು. ಆರು ಜನ ಗಾಳಿಯ ಹಾಗೆ ಅವನನ್ನು ದಾಟಿಹೋದರು. ಏಳನೆಯವನು ಕೊನೆಯಲ್ಲಿದ್ದ. ಮುಖದ ತುಂಬ ಕೆಸರು, ಕಪ್ಪು ಕನ್ನಡಕ, ತಲೆಗೆ ಬುಟ್ಟಿಯಂಥ ಟೋಪಿ. ತನ್ನ ಹೆಸರು ತನ್ನ ಕಿವಿಗೇ ಬಿದ್ದಾಗ ಅವನ ಕೈ ಬ್ರೇಕ್ ಹಿಡಿದುಬಿಟ್ಟಿತು.

ಯಾಂಟಿನಸ್ ಹತ್ತಿರ ಬಂದ. ಒಂದು ತೋಳಳತೆಯ ದೂರ.

"ಸ್ವಾಮಿ, ದಾರಿಯಲ್ಲಿ ಒಬ್ರನ್ನ ನೋಡಿದ್ರಾ? ನನ್ನ ವಯಸ್ಸಿನವರು. ಕಾಲು ಸ್ವಾಧೀನ ಇಲ್ಲ. ಬಹುಶಃ ಪೈಜಾಮದಲ್ಲಿದ್ದಾರೆ."

ಲುಬ್ಬರ್ಟ್ ಬಾಯಿ ತೆರೆದಿದ್ದರೆ ಮುಗಿದಿತ್ತು. ತೆರೆಯಲಿಲ್ಲ. ಮುಂದೆ ಡಾಕ್ಟರು ಕೈಬೀಸುತ್ತಿದ್ದರು. ಅವನು ಇಲ್ಲ ಎಂದು ತಲೆಯಾಡಿಸಿದ.

ಯಾಂಟಿನಸ್ ಸ್ವಲ್ಪ ಹೊತ್ತು ಅಲ್ಲೇ ನಿಂತ. "ಸರಿ. ಎಲ್ಲಾದ್ರೂ ಸಿಕ್ಕಿದ್ರೆ ಒಂದು ಮಾತು ಹೇಳಿ. ಯಾಂಟಿನಸ್ ಇಲ್ಲೇ ಇದ್ದಾನಂತೆ, ಹೆದರ್ಕೋಬೇಡ ಅಂತ."

ಲುಬ್ಬರ್ಟ್ ಸೈಕಲ್ ಏರಿದ. ನೂರು ಗಜ ಹೋದ. ಕನ್ನಡಕದೊಳಗೆ ಏನೋ ಮಂಜಾಯಿತು. ದಾರಿ ಎಡಕ್ಕೆ ತಿರುಗಿತು, ಅವನು ತಿರುಗಲಿಲ್ಲ. ಜೌಗು ಅವನನ್ನು ಸೊಂಟದವರೆಗೆ, ಬಹಳ ಮೆತ್ತಗೆ, ಒಂದು ಸದ್ದೂ ಇಲ್ಲದೆ ಒಳಗೆ ಕರೆದುಕೊಂಡಿತು. ಅದಕ್ಕೆ ಈ ಸೀಮೆಯವರದೇ ಸ್ವಭಾವ, ಹೆಚ್ಚು ಮಾತಿಲ್ಲ.

ಆಗ ಅವನು ಕೂಗಿದ. ಬಹಳ ದೊಡ್ಡದಾಗಿ ಕೂಗಿದ.

ಎರಡು ಏಣಿ ಮಲಗಿಸಿ ಹಗ್ಗ ಕಟ್ಟಿ ಎಳೆದರು. ಜೌಗು ಬೂಟು ಸಾಕ್ಸುಗಳನ್ನು ತಾನೇ ಇಟ್ಟುಕೊಂಡು ಮನುಷ್ಯನನ್ನು ವಾಪಸು ಕೊಟ್ಟಿತು. ಕಾವಲುಗಾರ ಟೋಪಿ ತೆಗೆದ, ಕನ್ನಡಕ ತೆಗೆದ. ಎರಡು ಬಿಳಿ ಬಳೆ ಇಪ್ಪತ್ತು ಜನರನ್ನು ನೋಡಿದವು. ಮೈಗಂಟಿದ ಕಪ್ಪು ದಿರಿಸಿನಲ್ಲಿ ಕಲ್ಲಿನಂಥ ಎರಡು ಮೀನಖಂಡ ಎಲ್ಲರ ಮುಂದೆ ನಿಂತಿದ್ದವು. ತಿರುಗಿ ಬಂದ ಡಾಕ್ಟರು ಏನೂ ತಿಳಿಯದೆ, "ನೋಡಿದ್ರಾ ಕಾಲು! ಬೇರೆಯವರಾಗಿದ್ರೆ ಮುಳುಗಿಹೋಗ್ತಿದ್ರು. ಐದು ವಾರದಲ್ಲಿ ಏನು ತಯಾರಾಗಿದ್ದಾರೆ!" ಅಂದರು.

"ಐದು ವಾರ," ಅಂದಳು ಗೇಸೀನ್. ಆಮೇಲೆ, ಯೋಚಿಸಿ: "ನಲವತ್ತು ಪಾತ್ರೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಬೆಳಗ್ಗಿನಿಂದ ಒಬ್ಬೊಬ್ಬರಾಗಿ ಬಂದು ಗಂಟೆ ಬಾರಿಸಿ, "ಪಾತ್ರೆ ಇದ್ಯಾ?" ಎಂದು ಕೇಳಿ ತೆಗೆದುಕೊಂಡು ಹೋದರು. ಚಕ್ರದ ಊರುಗೋಲು ಹೋಯಿತು. ಇಳಿಜಾರು ಹಲಗೆ ಹೋಯಿತು. ಶ್ರೀಮತಿ ವೀಟಿಂಗ್ ಅವರಿಂದ ಕಾಗದ ಬಂತು: ತಮ್ಮ ಶೀಘ್ರ ಚೇತರಿಕೆಗೆ ಪುರಸಭೆ ಹರ್ಷಿಸುತ್ತದೆ, ಬಚ್ಚಲಿನ ಹಿಡಿಕೆ ಬಿಚ್ಚಲು ಗುರುವಾರ ಜನ ಬರುತ್ತಾರೆ, ಗೋಡೆಯ ತೂತು ತಮ್ಮ ಜವಾಬ್ದಾರಿ.

ಫೆನ್ನಾ ಆಗ ಬಾಯಿ ತೆರೆದಳು. "ನಾನು ಮೊದಲ ದಿನಾನೇ ಹೇಳ್ಬೇಕಿತ್ತು," ಅಂದಳು. "ಬಾಯಿ ಮುಚ್ಚಿಕೊಂಡಿದ್ದೂ ಸುಳ್ಳೇ." ತಪ್ಪು ತನ್ನೊಬ್ಬನದೇ ಎಂದು ಲುಬ್ಬರ್ಟ್ ಹೇಳಿದ. ಅದನ್ನವಳು ಅಲ್ಲಗಳೆಯಲಿಲ್ಲ.

ಯಾಂಟಿನಸ್ ಬರಲಿಲ್ಲ. ಅವನ ಪಾತ್ರೆ ಯಾವುದೂ ಇಲ್ಲಿರಲಿಲ್ಲ. ಅವನು ಕೊಟ್ಟದ್ದು ಕೂತು ಕಳೆದ ಹೊತ್ತು ಮಾತ್ರ, ಅದನ್ನು ವಾಪಸು ಕೇಳುವುದು ಹೇಗೆ? ಒಂದು ಭಾನುವಾರ ಹೋಯಿತು. ಎರಡನೆಯದೂ ಹೋಯಿತು. ಆ ವಾರವೆಲ್ಲ ಮಳೆ. ಮೂರನೆಯ ಶನಿವಾರ ಲುಬ್ಬರ್ಟ್ ಬೇಲಿಯ ಹತ್ತಿರ ಒಂದು ಗಂಟೆ ನಿಂತ. ಯಾಂಟಿನಸ್ ಹೊರಗೆ ಬಂದು ಬಟ್ಟೆ ಒಣಗಿಸುವ ಹಗ್ಗವನ್ನು ತಡವಿಕೊಂಡು ಹಿಡಿದ.

"ಯಾಂಟಿನಸ್."

"ಹ್ಞೂಂ."

"ಅವತ್ತು ದಾರಿಯಲ್ಲಿ... ನಾನು ತಲೆ ಆಡಿಸಿದ್ದು..."

"ಗೊತ್ತು."

"ಆಮೇಲೆ ಗೊತ್ತಾಯ್ತಾ?"

"ಆಗ್ಲೇ ಗೊತ್ತಾಯ್ತು." ಯಾಂಟಿನಸ್ ಅಂಗಿಯೊಂದನ್ನು ಕೊಡವಿದ. "ಮುಖ ಕಾಣಲಿಲ್ಲ. ಮೂವತ್ತೊಂದು ವರ್ಷ ನಿನ್ನ ಹಿಂದೆ ಸೈಕಲ್ ಹೊಡೆದಿದ್ದೀನಿ. ಏದುಸಿರು ಬಂದಾಗ ನಿನ್ನ ಮೂಗು ಸೀಟಿ ಹೊಡೆಯುತ್ತೆ, ಕುದಿಯೋ ಕೆಟಲ್ ಹಾಗೆ. ಪ್ರಪಂಚದಲ್ಲಿ ಇನ್ನೊಂದು ಮೂಗು ಹಾಗಿಲ್ಲ."

"ಮತ್ತೆ ಯಾಕೋ ಕೇಳಿದೆ?"

"ಹೇಳ್ತೀಯೇನೋ ಅಂತ."

ಮೂವತ್ತಾರು ವರ್ಷ ದೋಣಿಗಳಿಗೆ ದಾರಿ ಬಿಟ್ಟವನು ಒಂದು ಮಾತಿಗೆ ದಾರಿ ಬಿಡಲಾರದೆ ನಿಂತ. ಕೊನೆಗೆ, "ಜೋಡಿ ಸೈಕಲ್ ಇನ್ನೂ ನಿಮ್ಮ ಶೆಡ್ಡಲ್ಲೇ ಇದೆಯಾ?" ಅಂದ.

"ಸೋಮವಾರ ವಾಪಸ್ ಕೊಡ್ಬೇಕು."

"ನಾಳೆ ಒಂಬತ್ತಕ್ಕೆ?"

ಯಾಂಟಿನಸ್ ಕ್ಲಿಪ್ಪು ಸಿಕ್ಕಿಸಿದ. ಇನ್ನೊಂದು ಸಿಕ್ಕಿಸಿದ. "ಬೆಳಗ್ಗೆ ಮಳೆ ಇಲ್ಲದಿದ್ರೆ," ಅಂದ.

ಮಳೆ ಇರಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತು, ಬೆನ್ನು ನೆಟ್ಟಗಿಟ್ಟುಕೊಂಡು, ಜಲ್ಲಿ ದಾರಿಯಲ್ಲಿ ಹೋದರು. ಲುಬ್ಬರ್ಟ್ ಹಿಡಿ ಹಿಡಿದಿದ್ದ. ಇಬ್ಬರೂ ತುಳಿಯುತ್ತಿದ್ದರು. ಹೋಗುವಾಗಿನ ಮೂರು ಮಾತೂ ಆಗಲಿಲ್ಲ. ಕಾಡು ಮುಗಿದು ಬಯಲು ತೆರೆದಾಗ ಲುಬ್ಬರ್ಟ್ ನಿಲ್ಲಿಸಿದ. ಇಬ್ಬರೂ ಇಳಿದು ನಿಂತರು.

ಮುಂದೆ ಕಣ್ಣು ಹರಿದಷ್ಟು ದೂರ ಹೈಡೆ. ಮಳೆಗೆ ನೆಂದು, ಹೂವು ಒಣಗಿ, ತುದಿಯಿಂದ ತುದಿಗೆ ಕಂದು. ಎಲ್ಲೋ ಒಂದು ಪೊದೆಯಲ್ಲಿ ಒಂದು ಚೂರು ನೇರಳೆ ಇದೆಯೇನೋ ಎಂದು ಲುಬ್ಬರ್ಟ್ ಹುಡುಕಿದ. ಇರಲಿಲ್ಲ.

ಯಾಂಟಿನಸ್ ಬಹಳ ಹೊತ್ತು ನೋಡಿದ. ಓರೆಯಾಗಿ, ಕಣ್ಣಂಚಿನಿಂದ, ಈಚೆಗೆ ಅವನು ನೋಡುವ ಹಾಗೆ.

"ಹೇಗಿದೆ ಕಣೋ? ಇನ್ನೂ ನೇರಳೆ ಇದೆಯಾ?"

ಇದ್ದದ್ದು ಒಂದೇ ಅಕ್ಷರದ ಕೆಲಸ. ಹ್ಞೂಂ ಅಂದುಬಿಟ್ಟರೆ ಆ ಮುದುಕ ಈ ಬೇಸಿಗೆಯನ್ನು ನೇರಳೆಯಾಗಿಯೇ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಸುಳ್ಳಿನಲ್ಲಿ ಐದು ವಾರದ ಅಭ್ಯಾಸವಿದ್ದ ಲುಬ್ಬರ್ಟನ ನಾಲಗೆ ಅದಕ್ಕೆ ತಯಾರಾಗಿಯೂ ಇತ್ತು. ಅವನು ಉಸಿರೆಳೆದುಕೊಂಡ. ಮೂಗು ಸಣ್ಣಗೆ ಸೀಟಿ ಹೊಡೆಯಿತು.

"ಇಲ್ಲ," ಅಂದ. "ಕಂದು. ಎಲ್ಲ ಹೋಗಿದೆ. ಒಂದು ಹೂವೂ ಇಲ್ಲ ಯಾಂಟಿನಸ್. ನನ್ನಿಂದ."

ಯಾಂಟಿನಸ್ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ನಿಧಾನವಾಗಿ ಬಿಟ್ಟ. ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಸದ್ಯ," ಅಂದ. "ನಂಗೂ ಕಂದೇ ಕಾಣ್ತಿತ್ತು. ಕಣ್ಣು ಹೋಗೇಬಿಡ್ತು ಅಂದ್ಕೊಂಡಿದ್ದೆ."